ಸ್ಟಿಕರ್ ಓದದೆ ಜಾಕ್ ಎತ್ತಬೇಡಿ

ಚಳಿಗಾಲ ಹತ್ತಿರ ಬಂತೆಂದರೆ ಮಿಶಿಗನ್, ಮಿನೆಸೋಟ ಕಡೆಯ ನಮ್ಮವರು ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕಲು ಶುರು ಮಾಡುತ್ತಾರೆ. ಹಿಂದಿನ ಆಕ್ಸಲ್ ಬಗ್ಗೆ ನನಗೆ ಅದದೇ ಪ್ರಶ್ನೆಗಳು ಬರುತ್ತವೆ. ಡಿಫರೆನ್ಷಿಯಲ್ ಬಗ್ಗೆ ಇಲ್ಲಿ ಉದ್ದ ಪಾಠ ಮಾಡುವುದಿಲ್ಲ. ಅದು ಆಕ್ಸಲ್ ನಡುವೆ ಕೂತು ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್‌ಗಳ ಜೋಡಣೆ. ಓಪನ್ ಆದರೆ ಜಾರುವ ಚಕ್ರ ಒಂದೇ ಸುಮ್ನೆ ತಿರುಗುತ್ತದೆ. ಲಿಮಿಟೆಡ್ ಸ್ಲಿಪ್ ಇನ್ನೊಂದು ಚಕ್ರಕ್ಕೂ ಸ್ವಲ್ಪ ಬಲ ಕಳಿಸುತ್ತದೆ. ಲಾಕರ್ ಎರಡನ್ನೂ ಒಟ್ಟಿಗೆ ಬಿಗಿಯುತ್ತದೆ. ಪಿಕಪ್ ಕೊಳ್ಳಲು ಹೊರಟವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಪ್ರಶ್ನೆ: 2012ರ ಶೆವರ್ಲೆ ಸಿಲ್ವರಾಡೊ 1500 ಪಿಕಪ್ ನೋಡಿದೆ. ಲಿಮಿಟೆಡ್ ಸ್ಲಿಪ್ ಇದೆ ಎಂದು ಮಾರುವವರು ಹೇಳಿದರು. ವಿಡಿಯೊದಲ್ಲಿ ತೋರಿಸಿದ ಹಾಗೆ ಹಿಂದಿನ ಎರಡೂ ಚಕ್ರ ಎತ್ತಿ ಒಂದನ್ನು ಕೈಯಿಂದ ತಿರುಗಿಸಿದೆ. ಇನ್ನೊಂದು ಉಲ್ಟಾ ತಿರುಗಿತು. ಅವರು ಹೇಳಿದ್ದು ಸುಳ್ಳು ಅಲ್ವಾ?

ಇರಲಿಕ್ಕಿಲ್ಲ. ನೀವು ಮಾಡಿದ ಪರೀಕ್ಷೆ ಈ ಗಾಡಿಗೆ ಸರಿಹೋಗುವುದೇ ಇಲ್ಲ. ವಿಡಿಯೊ ಮಾಡುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ, ನನಗೆ ಸಿಟ್ಟು ಬರುವುದೇ ಅಲ್ಲಿ.

ಈ ಸಿಲ್ವರಾಡೊಗಳಲ್ಲಿ ಆಯ್ಕೆಯಾಗಿ ಬರುತ್ತಿದ್ದದ್ದು ಈಟನ್ ಕಂಪನಿಯ ಲಾಕರ್. ಜನರಲ್ ಮೋಟರ್ಸ್ ಕೋಡ್ ಜಿ80. ಮಾಮೂಲಿ ಓಡಾಟದಲ್ಲಿ ಅದು ಪೂರ್ತಿ ಓಪನ್ ಡಿಫರೆನ್ಷಿಯಲ್ ಹಾಗೇ ಇರುತ್ತದೆ. ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದಾಗ ಒಳಗಿನ ಗವರ್ನರ್‌ನ (ಆ ವ್ಯತ್ಯಾಸ ಗುರುತಿಸುವ ಭಾಗದ) ತೂಕಗಳು ಹೊರಕ್ಕೆ ಚಾಚಿ ಆಕ್ಸಲ್ ಲಾಕ್ ಆಗುತ್ತದೆ. ಗಾಡಿ ಗಂಟೆಗೆ ಸುಮಾರು 20 ಮೈಲಿಗಿಂತ ಜೋರಾಗಿ ಹೋಗುತ್ತಿದ್ದರೆ ಲಾಕ್ ಆಗುವುದಿಲ್ಲ. ಕೈಯಿಂದ ನಿಧಾನಕ್ಕೆ ತಿರುಗಿಸಿದರೆ ಗವರ್ನರ್‌ಗೆ ಏನೂ ಗೊತ್ತಾಗದು. ಚಕ್ರ ಉಲ್ಟಾ ತಿರುಗುವುದೇ ಸರಿ.

ಹಾಗಾಗಿ ಮೊದಲು ಗ್ಲವ್ ಬಾಕ್ಸ್ ತೆಗೆಯಿರಿ. ಒಳಗಿನ ಸ್ಟಿಕರ್‌ನಲ್ಲಿ ಮೂರಕ್ಷರದ ಕೋಡ್‌ಗಳ ಸಾಲು ಇರುತ್ತದೆ. ಅದರಲ್ಲಿ ಜಿ80 ಇದ್ದರೆ ಫ್ಯಾಕ್ಟರಿಯಿಂದ ಲಾಕರ್ ಬಂದಿದೆ. ಅಲ್ಲೇ ಜಿಯು6 ಇದ್ದರೆ ಆಕ್ಸಲ್‌ನ ಗೇರ್ ಅನುಪಾತ (ಚಕ್ರದ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ ತಿರುಗುವ ಸುತ್ತು) 3.42, ಜಿಟಿ4 ಇದ್ದರೆ 3.73. ಟ್ರೈಲರ್ ಎಳೆಯುವವರು ಇದನ್ನೂ ಬರೆದುಕೊಳ್ಳಿ. ಸ್ಟಿಕರ್ ಕಿತ್ತು ಹೋಗಿದ್ದರೆ ವಿಐಎನ್ (ಗಾಡಿಯ ಗುರುತಿನ) ನಂಬರ್ ಕೊಟ್ಟು ಡೀಲರ್ ಹತ್ತಿರ ಕೋಡ್‌ಗಳನ್ನು ತೆಗೆಸಿ. ಆ ಹದಿನೇಳು ಅಕ್ಷರಗಳನ್ನು ನೀವೇ ಎಷ್ಟು ನೋಡಿದರೂ ಡಿಫರೆನ್ಷಿಯಲ್ ಯಾವುದು ಎಂದು ಅದರಲ್ಲಿ ಬರೆದಿರುವುದಿಲ್ಲ.

ಸ್ಟಿಕರ್ ಹೇಳುವುದು ಗಾಡಿ ಹುಟ್ಟಿದ ದಿನದ ಕಥೆ ಮಾತ್ರ. ಆಮೇಲೆ ಯಾರಾದರೂ ಗುಜರಿಯಿಂದ ಬೇರೆ ಆಕ್ಸಲ್ ತಂದು ಕೂರಿಸಿರಬಹುದು. ಬೆಲೆ ದೊಡ್ಡದಾದರೆ ಹಿಂದಿನ ಕವರ್ ಬಿಚ್ಚಿಸಿ ನೋಡಿ. ಜಿ80 ಒಳಗೆ ಗವರ್ನರ್‌ನ ಪುಟ್ಟ ತೂಕಗಳು ಕಾಣುತ್ತವೆ. ಓಪನ್ ಆದರೆ ಸ್ಪೈಡರ್ ಗೇರ್ (ನಡುವಿನ ಪುಟ್ಟ ಗೇರ್‌ಗಳು) ಬಿಟ್ಟು ಬೇರೇನೂ ಇರುವುದಿಲ್ಲ. ಹೊಸ ಎಣ್ಣೆಯ ಖರ್ಚು ಹೇಗೂ ದಂಡವಲ್ಲ, ತಳದಲ್ಲಿ ಲೋಹದ ಚೂರು ಇದ್ದರೆ ಅದೂ ಗೊತ್ತಾಗುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರರಿಂದ ನಾನಾದರೆ ಕೊಳ್ಳುವುದಿಲ್ಲ.

ಚಕ್ರ ತಿರುಗಿಸುವ ಪರೀಕ್ಷೆ, ಒಂದಕ್ಕೊಂದು ಒತ್ತಿ ಹಿಡಿಯುವ ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಸರಿ. ಹಳೆಯ ಫೋರ್ಡ್ ಎಫ್-150 ಪಿಕಪ್‌ಗಳಲ್ಲಿ ಬರುತ್ತಿದ್ದ ಲಿಮಿಟೆಡ್ ಸ್ಲಿಪ್ ಅಂಥದ್ದು. ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಹಿಂದಿನ ಎರಡನ್ನೂ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಸಾಲದು. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಎರಡೂ ಒಂದೇ ಕಡೆ ತಿರುಗಿದರೆ ಒಳ್ಳೆಯ ಸೂಚನೆ. ಆದರೆ ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಓಪನ್ ಕೂಡ ಹಾಗೇ ಆಡಬಹುದು. ಅದಕ್ಕೇ ಪಾರ್ಕ್‌ಗೆ ಹಾಕಿ ಇನ್ನೊಮ್ಮೆ ತಿರುಗಿಸಿ. ಆಗ ಇನ್ನೊಂದು ಚಕ್ರ ಸಲೀಸಾಗಿ ಉಲ್ಟಾ ತಿರುಗಿದರೆ ಅದು ಓಪನ್ ಇರಬೇಕು, ಅಥವಾ ಪ್ಲೇಟ್ ಸವೆದು ಮುಗಿದಿರಬೇಕು. ದುಡ್ಡು ಕೊಡುವವರಿಗೆ ಎರಡೂ ಒಂದೇ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಒಂದೇ ಚಕ್ರ ಎತ್ತಿ, ಎಂಜಿನ್ ಆನ್ ಮಾಡಿ, ಗೇರ್ ಹಾಕಿ ನೋಡಬೇಡಿ. ಲಿಮಿಟೆಡ್ ಸ್ಲಿಪ್ ಇದ್ದರೆ ನೆಲದ ಮೇಲಿರುವ ಚಕ್ರಕ್ಕೂ ಬಲ ಹೋಗುತ್ತದೆ. ಗಾಡಿ ಜಾಕ್‌ನಿಂದ ಹಾರಿ ಎದುರಿಗಿದ್ದವರ ಮೇಲೆ ಹೋಗುತ್ತದೆ. ಇದನ್ನು ಮಾಡಿ ತೋರಿಸುವ ಮೆಕ್ಯಾನಿಕ್ ಹತ್ತಿರ ನಿಮ್ಮ ಗಾಡಿ ಬಿಡಬೇಡಿ.

ಪ್ರಶ್ನೆ: ಜಲ್ಲಿ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಎರಡು ಗೆರೆ ಬಿದ್ದವು. ಇದು ಸಾಕಾ?

ಸಾಲದು. ಎರಡೂ ಕಡೆ ಹಿಡಿತ ಒಂದೇ ಸಮ ಇದ್ದರೆ ಓಪನ್ ಕೂಡ ಎರಡು ಗೆರೆ ಎಳೆಯುತ್ತದೆ.

ಪ್ರಶ್ನೆ: ಟೊಯೋಟಾ ಟಕೋಮಾದಲ್ಲಿ 'ಆಟೊ ಎಲ್‌ಎಸ್‌ಡಿ' ಬಟನ್ ಇದೆ. ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ ಅಲ್ವಾ?

ಅಲ್ಲ. ಅದು ಜಾರುವ ಚಕ್ರಕ್ಕೆ ಬ್ರೇಕ್ ಹಿಡಿದು ಮಾಡುವ ಕೆಲಸ. ಒಳಗಿರುವುದು ಓಪನ್ ಡಿಫರೆನ್ಷಿಯಲ್ಲೇ.

ಪ್ರಶ್ನೆ: ಫೋರ್ ವೀಲ್ ಡ್ರೈವ್ ಇದೆ, ಇದೆಲ್ಲ ಬೇಕಾ?

ಎರಡೂ ಆಕ್ಸಲ್ ಓಪನ್ ಇದ್ದರೆ ಮುಂದೊಂದು, ಹಿಂದೊಂದು ಚಕ್ರ ಸುಮ್ನೆ ತಿರುಗಿ ಗಾಡಿ ಅಲ್ಲೇ ನಿಲ್ಲಬಹುದು. ಆದರೆ ಹಿಮಕ್ಕೆ ಮೊದಲು ಸ್ನೋ ಟೈರ್ ಹಾಕಿಸಿ. ಲಾಕರ್ ಇದ್ದರೂ ಖಾಲಿ ಪಿಕಪ್‌ನಲ್ಲಿ ಎರಡೂ ಹಿಂದಿನ ಚಕ್ರ ಒಟ್ಟಿಗೆ ಜಾರಿದರೆ ಬಾಲ ಪಕ್ಕಕ್ಕೆ ಎಳೆಯುತ್ತದೆ.

ಪ್ರಶ್ನೆ: 2005ರ ಎಫ್-150. ಬಾಗಿಲ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ ಎಚ್9. ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಹಿಂದೆ ಗಡಗಡ ಅನ್ನುತ್ತದೆ. ಅಂಗಡಿಯವರು ಎಣ್ಣೆಗೆ ಸೇರಿಸುವ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳು ತಡೆತಡೆದು ಹಿಡಿಯದಂತೆ ಮಾಡುವ ದ್ರವ) ಒಂದು ಬಾಟಲಿ ಕೊಟ್ಟು ಎಲ್ಲ ಆಕ್ಸಲ್‌ಗೂ ಆಗುತ್ತದೆ ಅಂದರು.

ಎಚ್9 ಅಂದರೆ 3.55 ಅನುಪಾತದ ಲಿಮಿಟೆಡ್ ಸ್ಲಿಪ್. ಓಪನ್ ಆಗಿದ್ದರೆ 19 ಎಂದಿರುತ್ತಿತ್ತು. ಆಕ್ಸಲ್ ಕವರ್‌ನ ಬೋಲ್ಟ್‌ಗೆ ತಗಡಿನ ಚೀಟಿ ಉಳಿದಿದ್ದರೆ ಅದರಲ್ಲಿ 3ಎಲ್55 ಎಂದು ಕಾಣುತ್ತದೆ. ಹಳೆ ಎಣ್ಣೆ ಪೂರ್ತಿ ಇಳಿಸಿ, ಹೊಸ ಎಣ್ಣೆಗೆ ಫೋರ್ಡ್ ಹೇಳಿದ ಫ್ರಿಕ್ಷನ್ ಮಾಡಿಫೈಯರ್ ಅಳತೆಗೆ ಸರಿಯಾಗಿ ಸೇರಿಸಿ. ಖಾಲಿ ಜಾಗದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಓಡಿಸಿ. ಆಮೇಲೂ ಗಡಗಡ ನಿಲ್ಲದಿದ್ದರೆ ಪ್ಲೇಟ್ ಬದಲಿಸಬೇಕು. 'ಎಲ್ಲ ಆಕ್ಸಲ್‌ಗೂ' ಅನ್ನುವುದು ಶುದ್ಧ ಸುಳ್ಳು. ಜಿ80ಗೆ ಆ ಬಾಟಲಿ ಬೇಡವೇ ಬೇಡ, ಸುರಿದರೆ ಲಾಕ್ ಆಗುವುದೇ ತಡವಾಗುತ್ತದೆ.