ಉಂಡೆ ಬೇರೆ, ಲಡಿ ಬೇರೆ

ಪತ್ತೇದಾರಿ ಕಾದಂಬರಿ ಅನುವಾದಿಸುತ್ತಿರುವ ಓದುಗರೊಬ್ಬರ ಪ್ರಶ್ನೆ: ‘ಹಳೆಯ ಇಂಗ್ಲಿಷಿನಲ್ಲಿ ಕ್ಲ್ಯೂ ಎಂದರೆ ನೂಲಿನ ಉಂಡೆಯಂತೆ. ಸುಳಿವು ಎಂಬರ್ಥದ ಕ್ಲ್ಯೂ ಬೇರೆ ಪದವೇ? ಸ್ಕೀನ್ ಎಂಬುದಕ್ಕೂ ಉಂಡೆ ಎನ್ನಬಹುದೇ?’

ಮಾನ್ಯರೆ,

ಎರಡೂ ಒಂದೇ ಪದ. ಮೂಲ ರೂಪ ‘ಕ್ಲಿವೆನ್’. ಡಚ್ಚರು ನೂಲುಂಡೆಗೆ ಇಂದಿಗೂ ‘ಕ್ಲೂವೆನ್’ ಎನ್ನುತ್ತಾರೆ. ಮೊದಲು ಇದರ ಕೊನೆಗೆ ಇ-ಡಬ್ಲ್ಯು ಬರೆಯುತ್ತಿದ್ದರು. ಬ್ಲೂ, ಟ್ರೂ ಪದಗಳಂತೆ ಇದೂ ಯು-ಇ ಆಯಿತು.

ಅರ್ಥ ಬದಲಾದದ್ದು ಗ್ರೀಕ್ ಕಥೆಯಿಂದ. ಕ್ರೀಟ್ ದ್ವೀಪದ ಚಕ್ರವ್ಯೂಹಕ್ಕೆ ನುಗ್ಗುವ ಥೀಸಿಯಸ್‌ಗೆ ಅರಿಯಡ್ನೆ ನೂಲುಂಡೆ ಕೊಡುತ್ತಾಳೆ. ಅವನು ಎಳೆ ಬಿಡುತ್ತ ಒಳಹೋಗಿ, ಅದನ್ನೇ ಹಿಡಿದು ಹೊರಬರುತ್ತಾನೆ. 14ನೇ ಶತಮಾನದಲ್ಲಿ ಈ ಕಥೆ ಹೇಳಿದ ಕವಿ ಚಾಸರ್ ಬಳಸಿದ್ದೂ ಕ್ಲ್ಯೂ ಪದವನ್ನೇ. ದಾರಿ ತೋರುವ ಎಳೆ ಎಂಬ ಅರ್ಥ 17ನೇ ಶತಮಾನದ ಹೊತ್ತಿಗೆ ನೆಲೆಯಾಗಿ, ಉಂಡೆ ಮರೆತುಹೋಯಿತು.

ಇನ್ನು ಸ್ಕೀನ್. ಅದು ಫ್ರೆಂಚಿನಿಂದ ಬಂದದ್ದು. ನಮ್ಮ ನೇಕಾರರ ‘ಲಡಿ’. ದಯವಿಟ್ಟು ಅದನ್ನು ಉಂಡೆ ಎನ್ನಬೇಡಿ. ಲಡಿ ಎಂದರೆ ದೊಡ್ಡ ಬಳೆಯಂತೆ ಸುತ್ತಿ, ಅಲ್ಲಲ್ಲಿ ದಾರದಿಂದ ಕಟ್ಟಿದ ಸಡಿಲ ನೂಲು. ಬಣ್ಣ ಹಾಕುವುದು ಈ ರೂಪದಲ್ಲೇ, ಏಕೆಂದರೆ ಬಣ್ಣದ ನೀರು ಎಲ್ಲ ಎಳೆಗೂ ತಾಗುತ್ತದೆ. ಬಿಗಿಯಾದ ಉಂಡೆಯನ್ನು ಅದ್ದಿದರೆ ಒಳಭಾಗ ಬೆಳ್ಳಗೇ ಉಳಿಯುತ್ತದೆ. ಹತ್ತಿ ನೂಲಿನ ಪೂರ್ತಿ ಲಡಿಗೆ ಅಳತೆಯೂ ಉಂಟು. 54 ಇಂಚು ಸುತ್ತಳತೆಯ ಚೌಕಟ್ಟಿಗೆ 560 ಸುತ್ತು, ಒಟ್ಟು 840 ಗಜ. ಇಂಥ 40 ಲಡಿ ಸೇರಿ ಒಂದು ಪೌಂಡ್ ತೂಗಿದರೆ ಅದು 40ನೇ ನಂಬರಿನ ನೂಲು.

ಆದರೆ ಲಡಿಯಿಂದ ನೇರವಾಗಿ ಎಳೆ ಎಳೆಯಲಾಗದು. ಮೊದಲು ಅದನ್ನು ಎರಡು ಕೈಗಳ ನಡುವೆಯೋ ತಿರುಗುವ ಚೌಕಟ್ಟಿನ ಮೇಲೋ ಬಿಗಿಯಾಗಿ ಹರಡಬೇಕು. ಕಟ್ಟುಗಳನ್ನು ಆಮೇಲಷ್ಟೇ ಕತ್ತರಿಸಬೇಕು. ಹರಡುವ ಮೊದಲೇ ಕತ್ತರಿಸಿದರೆ ಒಂದು ಸುತ್ತು ಪಕ್ಕದ ಸುತ್ತಿನೊಳಗೆ ತೂರಿಕೊಳ್ಳುತ್ತದೆ, ಎಳೆದಷ್ಟೂ ಗಂಟು ಬಿಗಿಯುತ್ತದೆ. ಉಂಡೆಗೆ ಆ ತೊಂದರೆಯಿಲ್ಲ. ಹೊರತುದಿ ಹಿಡಿದು ನೆಲಕ್ಕೆ ಬಿಟ್ಟರೆ ಉರುಳುತ್ತ ತಾನೇ ಬಿಚ್ಚಿಕೊಳ್ಳುತ್ತದೆ. ಉಂಡೆಯ ಹೆಸರು ಸುಳಿವಾಗಿ, ಲಡಿಯ ಹೆಸರು ಇಂಗ್ಲಿಷಿನಲ್ಲಿ ಸಿಕ್ಕಿಗೆ ಉಪಮೆಯಾದದ್ದು ಅವುಗಳ ಈ ಗುಣಕ್ಕೆ ಒಪ್ಪುತ್ತದೆ.

ಆದ್ದರಿಂದ ನಿಮ್ಮ ಕಾದಂಬರಿಯಲ್ಲಿ ಪ್ರಕರಣವನ್ನು ಸ್ಕೀನ್‌ಗೆ ಹೋಲಿಸಿದ್ದರೆ ‘ಗೋಜಲು’ ಎನ್ನಿ; ಕ್ಲ್ಯೂ ಬಂದಲ್ಲಿ ‘ಸುಳಿವು’ ಸರಿ, ‘ಎಳೆ ಸಿಕ್ಕಿತು’ ಎಂದರೆ ಇನ್ನೂ ಚೆನ್ನ. ಹಡಗಿನ ಪ್ರಸಂಗ ಬಂದರೆ ಮಾತ್ರ ಎಚ್ಚರ: ಅಲ್ಲಿ ಕ್ಲ್ಯೂ ಎಂದರೆ ಹಗ್ಗ ಕಟ್ಟುವ, ಹಾಯಿಯ ಕೆಳಮೂಲೆ.