ಮಗಳು ಜವಾನ್, ಹುಡುಗ ಕ್ಯಾಪ್ಟನ್

ಪ್ರಶ್ನೆ: ನಮ್ಮದು ಹಾವೇರಿ ಕಡೆ. ಮಗಳು ಮಿಲಿಟರಿ ಪೊಲೀಸ್‌ನಲ್ಲಿ ಲ್ಯಾನ್ಸ್ ನಾಯಕ್. ಮೊನ್ನೆ ರಜೆಗೆ ಬಂದವಳು ತನ್ನ ಯೂನಿಟ್‌ನ ಕ್ಯಾಪ್ಟನ್‌ನನ್ನೇ ಮದುವೆ ಆಗ್ತೀನಿ ಅಂದಳು. ಹುಡುಗ ಫೋನಿನಲ್ಲಿ ನನ್ನ ಹತ್ತಿರವೂ ಮಾತಾಡಿದ, ಒಳ್ಳೆಯವನ ಹಾಗೆ ಕಾಣುತ್ತಾನೆ. ಆದರೆ ‘ಸದ್ಯಕ್ಕೆ ಯಾರಿಗೂ ಗೊತ್ತಾಗೋದು ಬೇಡ’ ಅಂತಾರೆ ಇಬ್ಬರೂ. ಅಧಿಕಾರಿ, ಜವಾನ್ ಮದುವೆ ಆಗಬಾರದು ಅಂತ ಕಾನೂನಿದೆಯಾ? ಕೆಲಸಕ್ಕೆ ಕುತ್ತು ಬರುತ್ತಾ?

ಉತ್ತರ: ಹುಡುಗ ನಿಮ್ಮ ಹತ್ತಿರ ಮಾತಾಡಿದ್ದು ಒಳ್ಳೆಯದಾಯಿತು. ನನಗೆ ಹಿಡಿಸದೇ ಇರೋದು ಆ ‘ಯಾರಿಗೂ ಗೊತ್ತಾಗೋದು ಬೇಡ’ ಅನ್ನೋ ಮಾತು.

ನಿಮ್ಮ ಪ್ರಶ್ನೆ ನಮ್ಮ ಸೇನೆಗೇ ಹೊಸದು. ಮೊದಲು ಡಾಕ್ಟರ್, ನರ್ಸ್, 1992ರಿಂದ ಬೇರೆ ವಿಭಾಗಗಳಲ್ಲೂ ಹೆಣ್ಣುಮಕ್ಕಳು ಬಂದರು, ಆದರೆ ಎಲ್ಲರೂ ಅಧಿಕಾರಿಗಳಾಗಿ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹುಡುಗಿಯರ ಮೊದಲ ತಂಡ ಜವಾನರಾಗಿ ಹೊರಬಂದದ್ದು 2021ರ ಮೇ ತಿಂಗಳಲ್ಲಿ. ನಾನು ಸುಬೇದಾರ್ ಆಗಿ ನಿವೃತ್ತನಾಗುವವರೆಗೆ ಇಂಥ ಜೋಡಿ ಕಂಡಿದ್ದೇ ಇಲ್ಲ.

1950ರ ಸೇನಾ ಕಾಯಿದೆಯಲ್ಲಿ ‘ಅಧಿಕಾರಿ ಜವಾನರನ್ನು ಪ್ರೀತಿಸಬಾರದು’ ಅಂತ ಒಂದು ಸೆಕ್ಷನ್ ಇಲ್ಲ. ಅಮೆರಿಕದ ಸೇನೆಯವರು ಅದನ್ನು ನಿಯಮ ಮಾಡಿ ಬರೆದೇ ಇಟ್ಟಿದ್ದಾರೆ. ನಮ್ಮಲ್ಲಿ 45 ಮತ್ತು 63 ಅಂತ ಎರಡು ಸೆಕ್ಷನ್ ಇವೆ. ಮೊದಲನೆಯದು ಅಧಿಕಾರಿ ತನ್ನ ಸ್ಥಾನಕ್ಕೆ ತಕ್ಕುದಲ್ಲದ ರೀತಿ ನಡೆದುಕೊಂಡರೆ, ಇನ್ನೊಂದು ಯಾರೇ ಆಗಲಿ ಶಿಸ್ತು ಕೆಡುವಂಥ ಕೆಲಸ ಮಾಡಿದರೆ. ಈ ಎರಡರ ಬಲೆ ದೊಡ್ಡದು ಸ್ವಾಮಿ, ಕದ್ದುಮುಚ್ಚಿ ನಡೆದದ್ದು ಅದರೊಳಗೆ ಸುಲಭವಾಗಿ ಬೀಳುತ್ತೆ.

ಶಿಸ್ತಿಗೂ ಪ್ರೀತಿಗೂ ಏನು ಸಂಬಂಧ ಅಂತೀರಾ? ನಾನು ಕ್ಲರ್ಕ್ ಆಗಿದ್ದಾಗ ಒಂದು ದೀಪಾವಳಿಗೆ ನಮ್ಮ ಹವಾಲ್ದಾರನ ಊರಿನ ಹುಡುಗನೊಬ್ಬನಿಗೆ ರಜೆ ಸಿಕ್ಕಿತು. ಸರದಿ ಪ್ರಕಾರವೇ ಸಿಕ್ಕಿದ್ದು, ಪಟ್ಟಿ ಟೈಪ್ ಮಾಡಿದವನು ನಾನೇ. ಆದರೂ ಲಂಗರ್‌ನಲ್ಲಿ, ಅಂದರೆ ಜವಾನರ ಊಟದ ಮನೆಯಲ್ಲಿ, ತಟ್ಟೆ ಹಿಡಿದು ನಿಂತಾಗೆಲ್ಲ ಹೋಳಿ ಬರೋವರೆಗೂ ಅದೇ ಮಾತು, ‘ಅವನಿಗೇನಪ್ಪಾ, ಊರಿನವರೇ ಇದ್ದಾರೆ.’ ಒಂದೇ ಊರಿನವರು ಅನ್ನೋದಕ್ಕೇ ಇಷ್ಟು! ನಾಳೆ ನಿಮ್ಮ ಮಗಳಿಗೆ ರಾತ್ರಿ ಡ್ಯೂಟಿ ತಪ್ಪಿತು ಅಂದ್ಕೊಳ್ಳಿ, ಅವಳು ಎಷ್ಟೇ ದುಡಿದಿರಲಿ, ಯಾರು ನಂಬ್ತಾರೆ? ಇನ್ನೂ ಕಷ್ಟದ್ದು ಬೇರೆ ಇದೆ. ಇಬ್ಬರಿಗೂ ಜಗಳ ಆಗಿ ಬೇಡ ಅನ್ನಿಸಿದರೆ, ತನ್ನ ರಜೆ ಚೀಟಿಗೆ ಸಹಿ ಹಾಕುವವನಿಗೆ ಅವಳು ಬೇಡ ಅನ್ನೋದು ಹೇಗೆ?

ಅದಕ್ಕೇ ಹೇಳೋದು, ಮೊದಲು ಆ ಹುಡುಗ ಕಮಾಂಡಿಂಗ್ ಆಫೀಸರ್ ಮುಂದೆ ನಿಂತು ವಿಷಯ ಹೇಳಲಿ, ಬರೆದೂ ಕೊಡಲಿ. ನಿಮ್ಮ ಮಗಳಲ್ಲ, ಅವನೇ. ಇಬ್ಬರಲ್ಲಿ ಒಬ್ಬರಿಗೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಕೇಳಲಿ. ಅಲ್ಲಿಂದ ಉತ್ತರ ಬರೋವರೆಗೆ ನಿಶ್ಚಿತಾರ್ಥದ ಮಾತು ಬೇಡ.

ಅವನಿಗೆ ಈಗಾಗಲೇ ಮದುವೆ ಆಗಿಲ್ಲ ತಾನೇ? ಬೇಜಾರಾಗಬೇಡಿ, ಕೇಳಲೇಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರ ಅಪರಾಧವಲ್ಲ ಅಂದಿತು ನಿಜ, ಆದರೆ ಅದಕ್ಕಾಗಿ ಸೇನೆ ತನ್ನವರ ಮೇಲೆ ಕ್ರಮ ತಗೊಳ್ಳೋದಕ್ಕೆ ಆ ತೀರ್ಪು ಅಡ್ಡಿಯಲ್ಲ ಅಂತ 2023ರಲ್ಲಿ ಅದೇ ಕೋರ್ಟ್ ಹೇಳಿದೆ.

ಇವತ್ತೇ ಹುಡುಗನಿಗೆ ಫೋನ್ ಮಾಡಿ, ‘ನಿಮ್ಮ ಸಾಹೇಬರ ಹತ್ತಿರ ಯಾವಾಗ ಹೋಗ್ತೀಯಪ್ಪಾ?’ ಅಂತ ಕೇಳಿ. ತಾರೀಕು ಹೇಳಿದರೆ ಸರಿ. ‘ನೋಡೋಣ ಅಂಕಲ್’ ಅಂದರೆ, ಮಗಳನ್ನು ಕೂರಿಸಿಕೊಂಡು ಮಾತಾಡಿ.