ಗೇಮಿಂಗ್ ಲ್ಯಾಪ್‌ಟಾಪ್ ಬೇಡ ಅಣ್ಣಾ, ರ್‍ಯಾಮ್ ಸ್ಲಾಟ್ ನೋಡಿ ತಗೊಳ್ಳಿ

ಅಣ್ಣಾ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಮಗಳಿಗೆ ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ, ಕೈಯಲ್ಲಿರುವುದು 55 ಸಾವಿರ, ಅಂಗಡಿಯವರು ಮಾತ್ರ ಇಂಜಿನಿಯರಿಂಗ್‌ಗೆ 78 ಸಾವಿರದ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಮಗಳಿಗೆ ನನ್ನ ಕಡೆಯಿಂದ ಅಭಿನಂದನೆ ಹೇಳಿ. ಅಡಿಕೆ ಬೆಳೆಗಾರರ ಈ ಗುಂಪಿನಲ್ಲಿ ಇದನ್ನು ಕೇಳಿದ್ದಕ್ಕೆ ಸಂಕೋಚ ಏನೂ ಬೇಡ. ಇಲ್ಲಿ ಎಷ್ಟೋ ಜನರ ಮಕ್ಕಳು ಓದಲು ಹೊರಗೆ ಹೋಗುವವರೇ.

ಆ 78 ಸಾವಿರದ್ದು ಬೇಡ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ನೀವು ಹೆಚ್ಚು ದುಡ್ಡು ಕೊಡುವುದು ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ಆಟ, ಚಿತ್ರದಂಥ ಭಾರಿ ಕೆಲಸಕ್ಕೆ ಇರುವ ಬೇರೆ ಚಿಪ್ಪಿಗೆ. ಸಿ, ಪೈಥಾನ್, ಜಾವಾ ಕಲಿಯಲು, ಡೇಟಾಬೇಸ್ ಲ್ಯಾಬಿಗೆ ಆ ಕಾರ್ಡಿನ ಕೆಲಸವೇ ಬರುವುದಿಲ್ಲ. ಮುಂದೆ ಮಷಿನ್ ಲರ್ನಿಂಗ್ ಮಾಡುವಾಗ ಬೇಕಾಗುತ್ತದೆ ಅನ್ನುತ್ತಾರೆ. ಆಗ ಗೂಗಲ್ ಕೊಲ್ಯಾಬ್ ಇದೆ, ಬ್ರೌಸರ್‌ನಲ್ಲೇ ಗ್ರಾಫಿಕ್ಸ್ ಕಾರ್ಡ್ ಉಚಿತವಾಗಿ ಬಳಸಲು ಕೊಡುತ್ತಾರೆ, ಕಲಿಯುವವರಿಗೆ ಅಷ್ಟು ಸಾಕು. ಇನ್ನು ಭಾರ. ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕಿಲೋ ದಾಟುತ್ತದೆ, ಅದರ ಚಾರ್ಜರ್ ಒಂದು ಇಟ್ಟಿಗೆ ಇದ್ದ ಹಾಗೆ. ದಿನಾ ಹಾಸ್ಟೆಲಿನಿಂದ ಕ್ಲಾಸಿಗೆ ಹೊತ್ತುಕೊಂಡು ಹೋಗುವವಳು ಅವಳು, ಅಂಗಡಿಯವರಲ್ಲ. ಆರ್ಕಿಟೆಕ್ಚರ್ ಅಥವಾ ಅನಿಮೇಷನ್ ಓದುವ ಮಕ್ಕಳಾದರೆ ಮಾತು ಬೇರೆ, ಅವರಿಗೆ ಗ್ರಾಫಿಕ್ಸ್ ಕಾರ್ಡ್ ನಿಜವಾಗಿಯೂ ಬೇಕು.

ನಾನು ತಪ್ಪಿದ್ದು ರ್‍ಯಾಮ್ ವಿಷಯದಲ್ಲಿ. ಅಂದರೆ ತೆರೆದಿಟ್ಟ ಕೆಲಸಗಳನ್ನು ಕಂಪ್ಯೂಟರ್ ಆ ಹೊತ್ತಿಗೆ ಇಟ್ಟುಕೊಳ್ಳುವ ಮೆಮೊರಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2021ರಲ್ಲಿ ಮಗನಿಗೆ 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ಕೊಡಿಸಿದೆ. ಈಗ ಇಷ್ಟು ಸಾಕು, ಬೇಕಾದರೆ ಆಮೇಲೆ ಜಾಸ್ತಿ ಹಾಕಿಸಬಹುದು ಅಂತ ಅಂಗಡಿಯವರು ಅಂದರು. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಮೂರನೇ ವರ್ಷ ಮೊಬೈಲ್ ಆ್ಯಪ್ ಮಾಡುವ ಪ್ರಾಜೆಕ್ಟ್ ಬಂತು. ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಎಮ್ಯುಲೇಟರ್ (ಕಂಪ್ಯೂಟರಿನೊಳಗೆ ಓಡುವ ನಕಲಿ ಫೋನ್) ಹಾಕಿ, ಪಕ್ಕದಲ್ಲಿ ಕ್ರೋಮ್ ಇಟ್ಟುಕೊಂಡರೆ ಮೌಸ್ ಕೂಡ ಅಲುಗಾಡುತ್ತಿರಲಿಲ್ಲ. ರಿಪೇರಿ ಹುಡುಗನ ಹತ್ತಿರ ಒಯ್ದೆವು. ಅವನು ಹಿಂದಿನ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ತೋರಿಸಿದ. ಹಸಿರು ಬೋರ್ಡಿನ ಮೇಲೆ ಸಾಲಾಗಿ ನಾಲ್ಕು ಕಪ್ಪು ಚಿಪ್ಪು, ಬೆಸುಗೆ ಹಾಕಿ ಕೂರಿಸಿದ್ದು. ‘ಹಾಕೋಕೆ ಜಾಗಾನೇ ಇಲ್ಲ ಸಾರ್, ಸ್ಲಾಟೇ ಕೊಟ್ಟಿಲ್ಲ’ ಅಂದ. ಕೊನೆಗೆ ಮಗ ಗೆಳೆಯನ ಲ್ಯಾಪ್‌ಟಾಪಿನಲ್ಲಿ ರಾತ್ರಿ ಕೂತು ಪ್ರಾಜೆಕ್ಟ್ ಮುಗಿಸಿದ. ಅದು ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ 16 ಜಿಬಿ ಇರುವುದನ್ನೇ ತಗೊಳ್ಳಿ. ನಿಮ್ಮ ದುಡ್ಡಿಗೆ ಹೊಂದದಿದ್ದರೆ 8 ಜಿಬಿ ಇದ್ದು ಒಂದು ಸ್ಲಾಟ್ ಖಾಲಿ ಇರುವುದು ನೋಡಿ. ಬಾಯಿಮಾತು ನಂಬಬೇಡಿ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಡಿಸ್‌ಪ್ಲೇಗೆ ಇಟ್ಟ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಒತ್ತಿದರೆ ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಅಂತ ಒಂದು ಸಾಲು ಇರುತ್ತದೆ. ಎರಡರಲ್ಲಿ ಒಂದು ಅಂತಿದ್ದರೆ ಸಾಮಾನ್ಯವಾಗಿ ಒಂದು ಖಾಲಿ ಇದೆ ಎಂದರ್ಥ. ಅಲ್ಲೇ ‘ಫಾರ್ಮ್ ಫ್ಯಾಕ್ಟರ್’ ಮುಂದೆ ‘ರೋ ಆಫ್ ಚಿಪ್ಸ್’ ಅಂತ ಕಂಡರೆ ಬೆಸುಗೆ ಹಾಕಿದ ಚಿಪ್ಪು ಇದೆ ಅಂತ ತಿಳಿಯಿರಿ. ಆಗ ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಮಾಡೆಲ್ ಹುಡುಕಿ, ಬೇರೆ ಸ್ಲಾಟ್ ಇದೆಯಾ ಅಂತ ನೋಡಿಯೇ ಮುಂದುವರಿಯಿರಿ.

ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪು, ಕೇಳುವಾಗ ಬರೀ ‘ಐ5’, ‘ರೈಜನ್ 5’ ಅಂದರೆ ಒಪ್ಪಬೇಡಿ, ಪೂರ್ತಿ ನಂಬರ್ ಬರೆಸಿಕೊಳ್ಳಿ. ರೈಜನ್ 5 7520ಯು ಮತ್ತು ರೈಜನ್ 5 7530ಯು ನೋಡಲು ಅಣ್ಣ ತಮ್ಮಂದಿರ ಹಾಗಿವೆ ಅಲ್ವಾ? ಮೊದಲನೆಯದರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ ಆರು, ಅದೂ ಹೊಸ ವಿನ್ಯಾಸದ್ದು. 7520ಯು ಇರುವುದರಲ್ಲಿ ರ್‍ಯಾಮ್ ಕೂಡ ಬೆಸುಗೆ ಹಾಕಿದ್ದೇ ಬರುತ್ತದೆ. ಒಂದು ಅಂಕೆಯಲ್ಲಿ ಅಷ್ಟು ವ್ಯತ್ಯಾಸ. ಇಂಟೆಲ್‌ನಲ್ಲಾದರೆ 12ನೇ ಅಥವಾ 13ನೇ ತಲೆಮಾರಿನ ಐ5 ನಿಮ್ಮ ಮಗಳಿಗೆ ಧಾರಾಳ. ಫೈಲ್ ಉಳಿಸಿಡುವ ಸ್ಟೋರೇಜ್ 512 ಜಿಬಿ ಎಸ್‌ಎಸ್‌ಡಿ ಇರಲಿ. ತೆರೆದಾಗ 476 ಅಂತ ತೋರಿಸಿದರೆ ಗಾಬರಿ ಬೇಡ, ವಿಂಡೋಸ್ ಲೆಕ್ಕ ಹಾಕುವ ರೀತಿಯೇ ಹಾಗೆ.

ಸ್ಕ್ರೀನ್ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಮಕ್ಕಳು ನಾಲ್ಕು ವರ್ಷ ಕಣ್ಣಿಟ್ಟು ನೋಡುವುದು ಅದನ್ನೇ. ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಸ್ಕ್ರೀನ್), ಫುಲ್ ಎಚ್‌ಡಿ ಅಂತ ಖಚಿತ ಮಾಡಿಕೊಳ್ಳಿ. ಪಕ್ಕಕ್ಕೆ ಸರಿದು ನಿಂತು ನೋಡಿ, ಬಣ್ಣ ಬಿಳಚಿಕೊಂಡರೆ ಬಿಟ್ಟುಬಿಡಿ. ಮಗಳನ್ನು ಕರೆದುಕೊಂಡೇ ಹೋಗಿ. ಅವಳೇ ಕೂತು ಎರಡು ಪ್ಯಾರಾ ಟೈಪ್ ಮಾಡಲಿ, ಒಂದು ಕೈಯಲ್ಲಿ ಎತ್ತಿ ನೋಡಲಿ. ಟೈಪ್ ಸಿ ಪೋರ್ಟಿನಲ್ಲೇ ಚಾರ್ಜ್ ಆಗುವುದು ಸಿಕ್ಕರೆ ಒಳ್ಳೆಯದು, ಚಾರ್ಜರ್ ಮರೆತ ದಿನ ಗೆಳತಿಯದು ತಗೊಳ್ಳಬಹುದು. ಸರ್ವಿಸ್ ಸೆಂಟರ್ ಮೈಸೂರಿನಲ್ಲಿ ಇದೆಯಾ ಕೇಳಿ, ನಮ್ಮೂರಿನ ಹತ್ತಿರ ಅಲ್ಲ. ಕೆಟ್ಟಾಗ ಅವಳು ಇರುವುದು ಅಲ್ಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ ಅಂತ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಆಫೀಸಿನವರು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ತರದವು ಗಟ್ಟಿ ಇರುತ್ತವೆ, ತಗೊಳ್ಳಬಹುದು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಮಾತ್ರ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಷ್ಟು ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಅಂತ ನೋಡಿ.

ಇನ್ನೊಂದು ಮಾತು. ಮೊದಲ ಸಲ ಆನ್ ಮಾಡುವಾಗ ಅಂಗಡಿಯವರ ಇಮೇಲ್ ಹಾಕಿ ಶುರು ಮಾಡಿಸಬೇಡಿ. ವಿಂಡೋಸ್ 11 ಎಷ್ಟೋ ಸಲ ಡಿಸ್ಕಿಗೆ ತಾನೇ ಬೀಗ ಹಾಕುತ್ತದೆ, ಬೀಗದ ಕೀ ಆ ಇಮೇಲ್ ಖಾತೆಯಲ್ಲಿ ಉಳಿಯುತ್ತದೆ. ಮಗಳ ಖಾತೆಯೇ ಇರಲಿ. ರಜೆಗೆ ಮನೆಗೆ ಬಂದಾಗ ಗುಡುಗು ಶುರುವಾದರೆ ಚಾರ್ಜರ್ ಕಿತ್ತಿಡಲು ಹೇಳಿ, ನಮ್ಮ ಕಡೆಯ ಸಿಡಿಲು ನಿಮಗೆ ಗೊತ್ತೇ ಇದೆ.

ಅರ್ಜೆಂಟ್ ಮಾಡಬೇಡಿ. ಕಾಲೇಜು ಶುರುವಾಗಿ ಎರಡು ವಾರ ಆದ ಮೇಲೆ ಕೊಡಿಸಿದರೂ ಏನೂ ಕೆಡುವುದಿಲ್ಲ, ಲ್ಯಾಬಿನಲ್ಲಿ ಕಂಪ್ಯೂಟರ್ ಇರುತ್ತದೆ. ಸೀನಿಯರ್‌ಗಳು ಏನು ಬಳಸುತ್ತಿದ್ದಾರೆ ಅಂತ ಅವಳೇ ಕೇಳಿ ಬರುತ್ತಾಳೆ. ಎರಡು ಮೂರು ಮಾಡೆಲ್ ಆರಿಸಿ, ಪೂರ್ತಿ ನಂಬರ್ ಕಾಣುವ ಹಾಗೆ ಫೋಟೊ ಇಲ್ಲಿ ಹಾಕಿ. ಮಳೆ ಬಿಟ್ಟರೆ ನಾಳೆ ನಮ್ಮ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವವರು ಬರುತ್ತಾರೆ, ಸಂಜೆ ಕೂತು ಒಂದೊಂದೇ ನೋಡಿ ಹೇಳುತ್ತೇನೆ.